ಉತ್ತರ ಇಂಗ್ಲೆಂಡಿನಿಂದಲೇ ಧ್ರುವಪ್ರಭೆ ನೋಡುವುದು ಹೇಗೆ?

ಧ್ರುವಪ್ರಭೆ, ಅಂದರೆ ಅರೋರಾ ಅಥವಾ ನಾರ್ದರ್ನ್ ಲೈಟ್ಸ್ ನೋಡಬೇಕು ಅಂದರೆ ನಾರ್ವೆಗೋ ಐಸ್‌ಲ್ಯಾಂಡಿಗೋ ಹೋಗಬೇಕು ಅಂತ ತುಂಬಾ ಜನ ದುಡ್ಡು ಕೂಡಿಡುತ್ತಾರೆ. ನ್ಯೂಕಾಸಲ್, ಲೀಡ್ಸ್, ಮ್ಯಾಂಚೆಸ್ಟರ್, ಕಾರ್ಲೈಲ್ ಕಡೆ ಕೆಲಸಕ್ಕೋ ಓದಿಗೋ ಬಂದಿರುವ ನಮ್ಮವರಿಗೆ ನಾನು ಹೇಳುವುದು ಇಷ್ಟು: ನಿಮ್ಮ ಮನೆಯಿಂದ ಒಂದೆರಡು ಗಂಟೆ ದೂರದಲ್ಲೇ ಅದು ಕಾಣಿಸುತ್ತದೆ. ಆದರೆ ದಿನ ಗೊತ್ತು ಮಾಡಿಕೊಂಡು, ರಜೆ ಹಾಕಿ, ಹೋಟೆಲ್ ಬುಕ್ ಮಾಡಿ ಹೋಗುವ ಪ್ರವಾಸ ಇದಲ್ಲ. ಸೂರ್ಯ ಮನಸ್ಸು ಮಾಡಬೇಕು, ಮೋಡ ದಾರಿ ಬಿಡಬೇಕು. ಅವೆರಡೂ ಕೂಡಿ ಬಂದ ರಾತ್ರಿ ನೀವು ಕಾಲು ಗಂಟೆಯಲ್ಲಿ ಮನೆ ಬಿಡುವ ಹಾಗಿರಬೇಕು. ಕೆಳಗೆ ಹೇಳಿರುವುದೆಲ್ಲ ಆ ತಯಾರಿಗೇ.

2024ರ ಮೇ 10ರ ರಾತ್ರಿ ನಿಮಗೆ ನೆನಪಿರಬಹುದು. 2003ರ ಅಕ್ಟೋಬರ್ ನಂತರ ಮೊದಲ ಬಾರಿಗೆ ಭೂಕಾಂತೀಯ ಬಿರುಗಾಳಿ, ಅಂದರೆ ಸೂರ್ಯನಿಂದ ಬಂದ ಕಣಗಳ ಹೊಡೆತಕ್ಕೆ ಭೂಮಿಯ ಕಾಂತಕ್ಷೇತ್ರ ಅಲುಗಾಡುವುದು, ಜಿ5 ಮಟ್ಟ ಮುಟ್ಟಿತ್ತು. ಆ ಅಳತೆಯಲ್ಲಿ ಅದೇ ಅತಿ ಮೇಲಿನ ಮಟ್ಟ. ಬ್ರಿಟನ್ನಿನ ಉದ್ದಗಲಕ್ಕೂ ಜನ ಹಿತ್ತಲಲ್ಲಿ ನಿಂತು ಗುಲಾಬಿ, ಹಸಿರು ಆಕಾಶ ನೋಡಿದರು. ಬೆಂಗಳೂರಿನ ಕೋರಮಂಗಲದಲ್ಲಿರುವ ಭಾರತೀಯ ಖಭೌತ ವಿಜ್ಞಾನ ಸಂಸ್ಥೆಯ ಕ್ಯಾಮೆರಾಗಳು ಲಡಾಖಿನ ಹಾನ್ಲೆಯಲ್ಲಿ ಆ ರಾತ್ರಿಯ ಕೆಂಪು ಬೆಳಕನ್ನು ಸೆರೆಹಿಡಿದವು. ಅದೇ ವರ್ಷ ಅಕ್ಟೋಬರ್ 10ಕ್ಕೆ ಇನ್ನೊಂದು ದೊಡ್ಡ ಬಿರುಗಾಳಿ ಬಂತು. ಆದರೆ ಅಂಥ ರಾತ್ರಿಗಾಗಿಯೇ ಕಾದು ಕೂರಬೇಡಿ. ಅಷ್ಟೇನೂ ಸದ್ದು ಮಾಡದ, ಪತ್ರಿಕೆಗೆ ಬಾರದ ರಾತ್ರಿಗಳಲ್ಲೂ ಉತ್ತರ ಇಂಗ್ಲೆಂಡಿನ ಕಡಲತೀರದಲ್ಲಿ ಅರೋರಾ ಕಾಣಿಸುತ್ತದೆ. ಎಲ್ಲಿ ನೋಡಬೇಕು ಅಂತ ಗೊತ್ತಿದ್ದವರಿಗೆ ಮಾತ್ರ.

ತಲೆ ಮೇಲಲ್ಲ, ಉತ್ತರದ ಅಂಚಿನಲ್ಲಿ

ನಾರ್ವೆಯ ಟ್ರಾಮ್ಸೊದಂಥ ಊರಿನಲ್ಲಿ ಅರೋರಾ ನೆತ್ತಿಯ ಮೇಲೆ ಕುಣಿಯುತ್ತದೆ. ಇಂಗ್ಲೆಂಡಿನ ಉತ್ತರ ತುದಿಯ ನಾರ್ಥಂಬರ್‌ಲ್ಯಾಂಡಿನಲ್ಲಿ ನಿಂತವರು ಸಾಮಾನ್ಯವಾಗಿ ಅದನ್ನು ದೂರದಿಂದ, ಪಕ್ಕದಿಂದ ನೋಡುತ್ತಾರೆ. ಪಕ್ಕದ ಊರಿನ ಜಾತ್ರೆಯ ಬಾಣಬಿರುಸನ್ನು ನಮ್ಮೂರ ದಿಣ್ಣೆಯ ಮೇಲೆ ನಿಂತು ನೋಡಿದ ಹಾಗೆ. ಹಸಿರು ಬೆಳಕು ಹುಟ್ಟುವುದು ನೆಲದಿಂದ ಸುಮಾರು 100 ಕಿಲೋಮೀಟರ್ ಮೇಲಿನಿಂದ. ಕೆಂಪು ಇನ್ನೂ ಎತ್ತರ, 200 ಕಿಲೋಮೀಟರ್‌ಗಿಂತ ಮೇಲೆ. ಎರಡೂ ಆಮ್ಲಜನಕದ್ದೇ ಬಣ್ಣ. ಅಷ್ಟು ಎತ್ತರದಲ್ಲಿ ಇರುವುದರಿಂದಲೇ ನೂರಾರು ಕಿಲೋಮೀಟರ್ ದೂರಕ್ಕೂ ಅದು ಕಾಣಿಸುತ್ತದೆ.

ಒಂದು ಲೆಕ್ಕ ಹಾಕಿ ನೋಡೋಣ. ಅರೋರಾ ಸ್ಕಾಟ್ಲೆಂಡಿಗೂ ಉತ್ತರದ ಶೆಟ್‌ಲ್ಯಾಂಡ್ ದ್ವೀಪಗಳ ನೆತ್ತಿಯ ಮೇಲಿದೆ ಅಂದುಕೊಳ್ಳಿ. ನೀವು ನಾರ್ಥಂಬರ್‌ಲ್ಯಾಂಡಿನ ತೀರದಲ್ಲಿದ್ದೀರಿ. ಮಧ್ಯೆ ಸುಮಾರು 550 ಕಿಲೋಮೀಟರ್. ಭೂಮಿಯ ಬಾಗನ್ನೂ ಸೇರಿಸಿ ನೋಡಿದರೆ ಹಸಿರಿನ ಕೆಳ ಅಂಚು ದಿಗಂತದಿಂದ ಬರೀ 8 ಡಿಗ್ರಿ ಮೇಲೆ ಬರುತ್ತದೆ. ಕೈ ಚಾಚಿ ಮುಷ್ಟಿ ಹಿಡಿದರೆ ಅದರ ಅಗಲ 10 ಡಿಗ್ರಿ ಆಗುತ್ತದೆ ಅಲ್ವಾ? ಅಂದರೆ ಒಂದು ಮುಷ್ಟಿಗಿಂತ ಕೆಳಗೆ. ಕೆಂಪು ಎರಡು ಮುಷ್ಟಿ ಎತ್ತರಕ್ಕೆ ಬರಬಹುದು. ಉತ್ತರಕ್ಕೆ ಒಂದು ಸಾಲು ಮನೆ ಅಡ್ಡ ಇದ್ದರೂ ಹಸಿರು ಪೂರ್ತಿ ಮುಚ್ಚಿಹೋಗುತ್ತದೆ. ಹಾಗಾಗಿ ಜಾಗ ಆರಿಸುವಾಗ ಬರೀ ಕತ್ತಲೆ ನೋಡಿದರೆ ಸಾಲದು. ಉತ್ತರ ದಿಕ್ಕು ಬುಡದವರೆಗೂ ತೆರೆದಿರಬೇಕು, ಆ ಕಡೆ ದೊಡ್ಡ ಊರು ಇರಬಾರದು. ಇದೊಂದು ಗೊತ್ತಿದ್ದರೆ ಅರ್ಧ ಕೆಲಸ ಆದಂತೆ.

ಯಾವ ತಿಂಗಳು, ಯಾವ ಹೊತ್ತು

ಸೆಪ್ಟೆಂಬರಿನಿಂದ ಏಪ್ರಿಲ್ ಮಧ್ಯದವರೆಗೆ ಒಳ್ಳೆಯ ಕಾಲ. ಅದರಲ್ಲೂ ಹಗಲು ರಾತ್ರಿ ಸಮ ಆಗುವ ಮಾರ್ಚ್ ಮತ್ತು ಸೆಪ್ಟೆಂಬರ್ ಆಸುಪಾಸಿನಲ್ಲಿ ಅರೋರಾ ಜಾಸ್ತಿ. ಆ ದಿನಗಳಲ್ಲಿ ಸೂರ್ಯನ ಮತ್ತು ಭೂಮಿಯ ಕಾಂತಕ್ಷೇತ್ರಗಳು ಒಂದಕ್ಕೊಂದು ಕೂಡಿಕೊಳ್ಳಲು ಹೆಚ್ಚು ಅನುಕೂಲ.

ಮೇ ಎರಡನೇ ವಾರದಿಂದ ಆಗಸ್ಟ್ ಮೊದಲ ವಾರದವರೆಗೆ ಇಲ್ಲಿ ರಾತ್ರಿ ಪೂರ್ತಿ ಕತ್ತಲಾಗುವುದೇ ಇಲ್ಲ. ಉತ್ತರದಲ್ಲಿ ಮಸುಕು ಬೆಳಕು ಉಳಿದೇ ಇರುತ್ತದೆ. 2024ರ ಮೇ ಬಿರುಗಾಳಿ ಆ ಮಸುಕನ್ನೂ ಮೀರಿಸಿತು, ನಿಜ. ಸಾಧಾರಣ ಅರೋರಾಕ್ಕೆ ಆ ಶಕ್ತಿ ಇಲ್ಲ. ಇದನ್ನು ಒತ್ತಿ ಹೇಳಲು ಕಾರಣ ಇದೆ. ಚಳಿಗೆ ಹೆದರಿ ಊರಿನಿಂದ ಅಪ್ಪ ಅಮ್ಮ ಬರುವುದು ಹೆಚ್ಚಾಗಿ ಬೇಸಿಗೆಯಲ್ಲೇ. ಅವರಿಗೂ ತೋರಿಸಬೇಕು ಅಂತ ಆಸೆ ಇದ್ದರೆ ವಾಪಸ್ ಟಿಕೆಟನ್ನು ಸೆಪ್ಟೆಂಬರ್ ಕೊನೆಗೆ ಹಾಕಿ. ಅಷ್ಟರಲ್ಲಿ ರಾತ್ರಿ 9ಕ್ಕೆಲ್ಲ ಪೂರ್ತಿ ಕತ್ತಲಾಗುತ್ತದೆ, ಚಳಿಯೂ ತಡೆಯುವಷ್ಟೇ ಇರುತ್ತದೆ. ಜೂನ್, ಜುಲೈನಲ್ಲೇ ಬಂದರೆ ಅವರಿಗೆ ಬೇರೊಂದನ್ನು ತೋರಿಸಬಹುದು. ನಡುರಾತ್ರಿ ಉತ್ತರದ ಅಂಚಿನಲ್ಲಿ ಬೆಳ್ಳಿ ನೀಲಿ ಬಣ್ಣದ ತೆಳು ಮೋಡಗಳು ಕೆಲವೊಮ್ಮೆ ಹೊಳೆಯುತ್ತವೆ. 80 ಕಿಲೋಮೀಟರ್ ಎತ್ತರದ ಹಿಮದ ಹರಳುಗಳವು. ಅದು ಅರೋರಾ ಅಲ್ಲ, ಆದರೆ ಊರಲ್ಲಿ ಕಾಣದ ನೋಟ.

ಹೊತ್ತಿನ ವಿಷಯಕ್ಕೆ ಬಂದರೆ, ರಾತ್ರಿ 9ರಿಂದ 1ರವರೆಗೆ ಅವಕಾಶ ಹೆಚ್ಚು. ಡಿಸೆಂಬರಿನಲ್ಲಿ ಸಂಜೆ 6ಕ್ಕೇ ಗಾಢ ಕತ್ತಲು. ಆಫೀಸಿನಿಂದ ಬಂದವರೇ ಹೋಗಿ ನೋಡಿದ ಉದಾಹರಣೆಗಳಿವೆ. ಹುಣ್ಣಿಮೆಯ ಆಸುಪಾಸಿನಲ್ಲಿ ಮಂಕು ಅರೋರಾ ಬೆಳದಿಂಗಳಲ್ಲಿ ಕರಗಿಹೋಗುತ್ತದೆ, ಜೋರಾದದ್ದು ಕಾಣುತ್ತದೆ. ಇನ್ನೊಂದು ಸಣ್ಣ ವಿಷಯ. ಬಾಹ್ಯಾಕಾಶ ಹವಾಮಾನದ ಪುಟಗಳಲ್ಲಿ ಸಮಯ ಯುಟಿಸಿಯಲ್ಲಿ, ಅಂದರೆ ಜಾಗತಿಕ ಪ್ರಮಾಣ ಸಮಯದಲ್ಲಿ ಇರುತ್ತದೆ. ಮಾರ್ಚ್ ಕೊನೆಯ ಭಾನುವಾರದಿಂದ ಅಕ್ಟೋಬರ್ ಕೊನೆಯ ಭಾನುವಾರದವರೆಗೆ ಅದಕ್ಕೆ ಒಂದು ಗಂಟೆ ಸೇರಿಸಿಕೊಳ್ಳಿ.

ಸುದ್ದಿ ಎಲ್ಲಿಂದ ಬರುತ್ತದೆ

ಮೂರು ಕಡೆ ಕಣ್ಣಿಟ್ಟರೆ ಸಾಕು.

ಮೊದಲನೆಯದು, ಕೆಲವು ದಿನ ಮುಂಚೆ ತಿಳಿಯಲು ಬ್ರಿಟನ್ನಿನ ಮೆಟ್ ಆಫೀಸ್. ಎಕ್ಸೆಟರ್‌ನಲ್ಲಿ ಅವರದ್ದೇ ಬಾಹ್ಯಾಕಾಶ ಹವಾಮಾನ ಕೇಂದ್ರವಿದೆ. ಸೂರ್ಯನಿಂದ ದೊಡ್ಡ ಪ್ಲಾಸ್ಮಾ (ವಿದ್ಯುತ್ ಕಣಗಳ ಬಿಸಿ ಅನಿಲ) ಮುದ್ದೆ ಸಿಡಿದು ಭೂಮಿಯ ಕಡೆ ಹೊರಟಿದೆ ಅಂದರೆ ಅವರ ಮುನ್ಸೂಚನೆಯಲ್ಲಿ ಬರುತ್ತದೆ. ಅದು ಇಲ್ಲಿಗೆ ತಲುಪಲು ಸಾಮಾನ್ಯವಾಗಿ ಒಂದರಿಂದ ಮೂರು ದಿನ. ಈ ಹಂತದಲ್ಲಿ ಹೇಳುವ ಗಂಟೆಯನ್ನು ನಂಬಿ ಊಟ ಬಿಟ್ಟು ಓಡಬೇಡಿ. ಅರ್ಧ ದಿನ ಆಚೀಚೆ ಆಗುವುದು ಮಾಮೂಲು. ಕಾರಿಗೆ ಪೆಟ್ರೋಲ್ ಹಾಕಿಸಿ, ಫೋನ್ ಚಾರ್ಜ್ ಮಾಡಿ ಇಟ್ಟುಕೊಳ್ಳಿ. ಅಷ್ಟು ಸಾಕು.

ಎರಡನೆಯದು, ಲ್ಯಾಂಕಾಸ್ಟರ್ ವಿಶ್ವವಿದ್ಯಾಲಯದವರು ನಡೆಸುವ ಅರೋರಾವಾಚ್ ಯುಕೆ. ನನ್ನ ಪ್ರಕಾರ ಇಲ್ಲಿಯವರಿಗೆ ಇದಕ್ಕಿಂತ ಉಪಯೋಗದ್ದು ಇನ್ನೊಂದಿಲ್ಲ. ಇದು ಮುನ್ಸೂಚನೆ ಅಲ್ಲ. ಬ್ರಿಟನ್ನಿನ ನೆಲದ ಮೇಲಿನ ಕಾಂತಮಾಪಕಗಳು ಈಗ, ಈ ಗಂಟೆಯಲ್ಲಿ ಎಷ್ಟು ಅಲುಗಾಡುತ್ತಿವೆ ಅನ್ನುವುದನ್ನು ಬಣ್ಣದಲ್ಲಿ ಹೇಳುತ್ತದೆ. ಹಸಿರು ಅಂದರೆ ಏನೂ ಇಲ್ಲ. ಅಲುಗಾಟ 50 ನ್ಯಾನೊಟೆಸ್ಲಾ (ಕಾಂತಕ್ಷೇತ್ರದ ಅಳತೆಮಾನ) ದಾಟಿದರೆ ಹಳದಿ, 100 ದಾಟಿದರೆ ಅಂಬರ್ (ಕಿತ್ತಳೆ ಹಳದಿ), 200 ದಾಟಿದರೆ ಕೆಂಪು. ಉತ್ತರ ಇಂಗ್ಲೆಂಡಿಗೆ ಅಂಬರ್ ಮುಖ್ಯ. ಅಂಬರ್ ಬಂದು, ಹೊರಗೆ ಕತ್ತಲಿದ್ದು, ಮೋಡ ಇಲ್ಲದಿದ್ದರೆ ಹೊರಡಿ. ಹಳದಿಗೆ ಹೊರಡುವುದು ಕಡಲತೀರದ ಹತ್ತಿರವೇ ಮನೆ ಇರುವವರಿಗೆ ಸರಿ. ಕೆಂಪು ಬಂದರೆ ಹಿತ್ತಲಿನಿಂದಲೂ ಒಮ್ಮೆ ನೋಡಿ. ಹಗಲಲ್ಲಿ ಕೆಂಪು ಬಂದು ಕತ್ತಲಾಗುವ ಹೊತ್ತಿಗೆ ಎಲ್ಲ ತಣ್ಣಗಾಗುವುದೂ ಉಂಟು. ಬೇಸರ ಮಾಡಿಕೊಳ್ಳದೆ ರಾತ್ರಿ ಮತ್ತೆ ನೋಡಿ, ಮತ್ತೆ ಏರಬಹುದು.

ಕೆಪಿ ಅನ್ನುವ ಸಂಖ್ಯೆಯನ್ನು ಎಲ್ಲ ಆ್ಯಪ್‌ಗಳೂ ತೋರಿಸುತ್ತವೆ. ಭೂಮಿಯ ಕಾಂತಕ್ಷೇತ್ರ ಎಷ್ಟು ಕದಡಿದೆ ಅನ್ನುವುದಕ್ಕೆ 0ಯಿಂದ 9ರವರೆಗಿನ ಅಂಕ ಅದು. 5 ಆದರೆ ಜಿ1 ಬಿರುಗಾಳಿ, 7 ಆದರೆ ಜಿ3. ನಾರ್ಥಂಬರ್‌ಲ್ಯಾಂಡಿಗೆ 5 ಅಥವಾ 6 ಇದ್ದರೆ ಆಸೆ ಇಟ್ಟುಕೊಳ್ಳಬಹುದು, ಯಾರ್ಕ್‌ಷೈರಿಗೆ ಇನ್ನೊಂದು ಮೆಟ್ಟಿಲು ಮೇಲಿದ್ದರೆ ಒಳ್ಳೆಯದು. ಆದರೆ ಅದು ಮೂರು ಗಂಟೆಗೊಮ್ಮೆ ಕೊಡುವ, ಇಡೀ ಭೂಮಿಯ ಸರಾಸರಿ. ನಿಮ್ಮ ತಲೆ ಮೇಲೆ ಈಗ ಏನಾಗುತ್ತಿದೆ ಅನ್ನುವುದನ್ನು ಅದು ಹೇಳುವುದಿಲ್ಲ.

ಮೂರನೆಯದು ಬಿಜ಼ೆಡ್ ಗೆರೆ. ಸೂರ್ಯನಿಂದ ಬೀಸುವ ಕಣಗಳ ಹರಿವಿನ, ಅಂದರೆ ಸೌರಮಾರುತದ ಕಾಂತಕ್ಷೇತ್ರ ಉತ್ತರಕ್ಕಿದೆಯೋ ದಕ್ಷಿಣಕ್ಕಿದೆಯೋ ಅಂತ ಹೇಳುವ ಗೆರೆ ಇದು. ಇದನ್ನು ಓದಲು ಕಲಿತರೆ ಉಳಿದವರಿಗಿಂತ ಅರ್ಧ ಗಂಟೆ ಮುಂದಿರುತ್ತೀರಿ. ಭೂಮಿಯಿಂದ ಸೂರ್ಯನ ಕಡೆಗೆ 15 ಲಕ್ಷ ಕಿಲೋಮೀಟರ್ ದೂರದಲ್ಲಿ ಎಲ್1 ಅನ್ನುವ ಜಾಗವಿದೆ. ನಮ್ಮ ಇಸ್ರೋದ ಆದಿತ್ಯ-ಎಲ್1 2024ರ ಜನವರಿ 6ರಂದು ಅಲ್ಲಿಗೆ ಸೇರಿ ಸೂರ್ಯನನ್ನು ನೋಡುತ್ತಿದೆ. ಅಲ್ಲೇ ಇರುವ ಅಮೆರಿಕದ ನೌಕೆಗಳು ಸೌರಮಾರುತದ ಅಳತೆಯನ್ನು ನಿಮಿಷ ನಿಮಿಷಕ್ಕೂ ಕಳಿಸುತ್ತವೆ. ಅದು ಅಮೆರಿಕದ ಹವಾಮಾನ ಸಂಸ್ಥೆ ನೋವಾದ ಪುಟದಲ್ಲಿ, ಹೆಚ್ಚಿನ ಅರೋರಾ ಆ್ಯಪ್‌ಗಳಲ್ಲಿ ನೇರವಾಗಿ ಸಿಗುತ್ತದೆ.

ಫೋನಿನಲ್ಲಿ ಆ ಗ್ರಾಫ್ ತೆರೆಯಿರಿ. ನಡುವೆ ಸೊನ್ನೆಯ ಗೆರೆ. ಅದರ ಮೇಲೆ ಕೆಳಗೆ ಒಂದು ಸುಕ್ಕು ಸುಕ್ಕಾದ ಗೆರೆ ಓಡುತ್ತಿರುತ್ತದೆ. ಸೊನ್ನೆಗಿಂತ ಮೇಲಿದ್ದರೆ ಸೌರಮಾರುತದ ಕಾಂತಕ್ಷೇತ್ರ ಉತ್ತರಕ್ಕೆ ತಿರುಗಿದೆ ಅಂತ ಅರ್ಥ. ಆಗ ಮಾರುತ ಎಷ್ಟೇ ವೇಗವಾಗಿದ್ದರೂ ಭೂಮಿಯ ಕ್ಷೇತ್ರ ಅದನ್ನು ಹೆಚ್ಚಾಗಿ ಆಚೆಗೇ ತಳ್ಳುತ್ತದೆ. ಗೆರೆ ಸೊನ್ನೆಯಿಂದ ಕೆಳಗಿಳಿದರೆ ದಕ್ಷಿಣಕ್ಕೆ ತಿರುಗಿದೆ ಅಂತ. ಆಗ ಎರಡು ಕ್ಷೇತ್ರಗಳೂ ಒಂದಕ್ಕೊಂದು ಬೆಸೆದುಕೊಂಡು ಶಕ್ತಿ ಒಳಗೆ ನುಗ್ಗುತ್ತದೆ. ಸುಮ್ನೆ ಐದು ನಿಮಿಷ ಕೆಳಗಿಳಿದು ಮೇಲೆ ಬಂದರೆ ಏನೂ ಆಗುವುದಿಲ್ಲ. ಮೈನಸ್ 10 ನ್ಯಾನೊಟೆಸ್ಲಾ ಆಸುಪಾಸಿನಲ್ಲಿ ಅರ್ಧ ಗಂಟೆ, ಮುಕ್ಕಾಲು ಗಂಟೆ ಹಾಗೇ ನಿಂತರೆ ಶೂ ಹಾಕಿಕೊಳ್ಳಿ. ಪಕ್ಕದಲ್ಲೇ ವೇಗ ಇರುತ್ತದೆ. ಸೆಕೆಂಡಿಗೆ 400 ಕಿಲೋಮೀಟರ್ ಇದ್ದರೆ ಅಲ್ಲಿ ಅಳೆದದ್ದು ಇಲ್ಲಿಗೆ ಬರಲು ಸುಮಾರು ಒಂದು ಗಂಟೆ. 800 ಇದ್ದರೆ ಅರ್ಧ ಗಂಟೆ. ಊರಿನಿಂದ ತೀರಕ್ಕೆ ಹೋಗಲು ನಿಮಗೆ ಸಿಗುವ ಸಮಯ ಅದೇ.

ಮೋಡ

ಅರೋರಾ ತಪ್ಪಿಸಿಕೊಂಡವರಲ್ಲಿ ಹೆಚ್ಚಿನವರಿಗೆ ಅಡ್ಡ ಬಂದದ್ದು ಮೋಡ. ಇಲ್ಲೊಂದು ಅನುಕೂಲವಿದೆ. ಉತ್ತರ ಇಂಗ್ಲೆಂಡಿನ ಬೆನ್ನೆಲುಬಿನ ಉದ್ದಕ್ಕೂ ಪೆನೈನ್ ಬೆಟ್ಟಗಳಿವೆ. ಗಾಳಿ ಪಶ್ಚಿಮದಿಂದ ಬೀಸಿದರೆ ಕಂಬ್ರಿಯಾ ಮಳೆ ಮೋಡದಲ್ಲಿ ಮುಳುಗಿದ್ದರೂ ಪೂರ್ವದ ನಾರ್ಥಂಬರ್‌ಲ್ಯಾಂಡ್ ತೀರದಲ್ಲಿ ಆಕಾಶ ಬಿಚ್ಚಿಕೊಂಡಿರುವ ಸಾಧ್ಯತೆ ಇದೆ. ಗಾಳಿ ಪೂರ್ವದಿಂದ ಬಂದರೆ ಉಲ್ಟಾ. ಉತ್ತರ ಸಮುದ್ರದಿಂದ ದಟ್ಟ ಮಂಜು ಎದ್ದು ತೀರವನ್ನೆಲ್ಲ ಮುಚ್ಚುತ್ತದೆ. ಇಲ್ಲಿಯವರು ಅದಕ್ಕೆ ಫ್ರೆಟ್ ಅನ್ನುತ್ತಾರೆ. ಅಂಥ ರಾತ್ರಿ ಕೆಲವೇ ಮೈಲಿ ಒಳಗೆ, ಎತ್ತರಕ್ಕೆ ಹೋದರೆ ನಕ್ಷತ್ರ ಕಾಣುವುದುಂಟು. ಮುನ್ಸೂಚನೆಯ ಜೊತೆಗೆ ಉಪಗ್ರಹದ ಈಗಿನ ಚಿತ್ರವನ್ನೂ ನೋಡಿ. ಮುಖ್ಯವಾಗಿ, ನಿಮ್ಮ ತಲೆ ಮೇಲಿನ ಮೋಡಕ್ಕಿಂತ ಉತ್ತರದ ಮೋಡ ನೋಡಿ. ನೀವು ನೋಡಬೇಕಾದದ್ದು ಆ ಕಡೆ.

ಎಲ್ಲಿಗೆ ಹೋಗುವುದು

ಎರಡು ಜಾಗ ಆರಿಸಿಟ್ಟುಕೊಳ್ಳಿ, ಪೂರ್ವಕ್ಕೊಂದು, ಪಶ್ಚಿಮಕ್ಕೊಂದು. ಎರಡನ್ನೂ ಒಮ್ಮೆ ಹಗಲಲ್ಲಿ ನೋಡಿ ಬನ್ನಿ. ಕಾರು ಎಲ್ಲಿ ನಿಲ್ಲಿಸಬೇಕು, ಕಾಲುದಾರಿ ಎಲ್ಲಿದೆ, ಉತ್ತರ ಯಾವ ಕಡೆ ಅನ್ನುವುದು ಕತ್ತಲಲ್ಲಿ ಹುಡುಕುವ ವಿಷಯ ಅಲ್ಲ.

ನನ್ನ ಮೊದಲ ಆಯ್ಕೆ ನಾರ್ಥಂಬರ್‌ಲ್ಯಾಂಡಿನ ಕಡಲತೀರ. ಕ್ರಾಸ್ಟರ್ ಅನ್ನುವ ಪುಟ್ಟ ಬಂದರು ಊರಿನಿಂದ ಉತ್ತರಕ್ಕೆ ಹುಲ್ಲಿನ ದಾರಿಯಲ್ಲಿ ಎರಡು ಕಿಲೋಮೀಟರ್ ನಡೆದರೆ ಡನ್‌ಸ್ಟನ್‌ಬರೋ ಕೋಟೆಯ ಅವಶೇಷ. ಕೋಟೆ ಪೂರ್ತಿ ಹೋಗಬೇಕಾಗಿಲ್ಲ. ದಾರಿಯ ನಡುವೆ ನಿಂತರೆ ಮುರಿದ ಗೋಪುರಗಳು ಸರಿಯಾಗಿ ಉತ್ತರಕ್ಕೆ ಬರುತ್ತವೆ, ಅವುಗಳ ಹಿಂದೆ ಅರೋರಾ. ಇನ್ನೂ ಉತ್ತರಕ್ಕೆ ಬ್ಯಾಂಬರೋ ತೀರವೂ ಚೆನ್ನ, ನ್ಯೂಕಾಸಲ್‌ನಿಂದ ಒಂದು ಗಂಟೆಯ ಮೇಲಾಗುತ್ತದೆ. ಅಲ್ಲಿಂದ ಹತ್ತಿರವೇ ಇರುವ ಹೋಲಿ ಐಲ್ಯಾಂಡಿಗೆ ಮಾತ್ರ ಆತುರದಲ್ಲಿ ಹೋಗಬೇಡಿ. ದ್ವೀಪದ ರಸ್ತೆ ದಿನಕ್ಕೆರಡು ಸಲ ಸಮುದ್ರದ ನೀರಿನಲ್ಲಿ ಮುಳುಗುತ್ತದೆ. ಸುರಕ್ಷಿತ ಸಮಯದ ಪಟ್ಟಿ ನೋಡದೆ ಚಕ್ರ ಇಳಿಸಿದವರ ಕಾರುಗಳು ನೀರು ಪಾಲಾಗಿವೆ.

ಕಾರಿಲ್ಲದ ವಿದ್ಯಾರ್ಥಿಗಳಿಗೆ ವಿಟ್ಲಿ ಬೇ ಇದೆ. ನ್ಯೂಕಾಸಲ್‌ನಿಂದ ಮೆಟ್ರೊ ಸಿಗುತ್ತದೆ. ಸಮುದ್ರದ ಅಂಚಿನಲ್ಲೇ ಉತ್ತರಕ್ಕೆ ನಡೆದು ಸೇಂಟ್ ಮೇರೀಸ್ ದೀಪಸ್ತಂಭದ ಕಡೆ ಮುಖ ಮಾಡಿ. ಪೂರ್ತಿ ಕತ್ತಲಿಲ್ಲ, ಆದರೂ ಒಳ್ಳೆಯ ಅಂಬರ್ ರಾತ್ರಿಗೆ ಸಾಕು. ಹಿಂತಿರುಗುವ ಕೊನೆಯ ರೈಲಿನ ಸಮಯ ಮೊದಲೇ ನೋಡಿಟ್ಟುಕೊಳ್ಳಿ.

ಕೀಲ್ಡರ್ ಬಗ್ಗೆ ಎಲ್ಲರೂ ಹೇಳುತ್ತಾರೆ. ನಾರ್ಥಂಬರ್‌ಲ್ಯಾಂಡ್ ರಾಷ್ಟ್ರೀಯ ಉದ್ಯಾನ ಮತ್ತು ಕೀಲ್ಡರ್ ಸೇರಿ 2013ರಲ್ಲಿ ಕತ್ತಲ ಆಕಾಶದ ಉದ್ಯಾನ ಅಂತ ಅಂತಾರಾಷ್ಟ್ರೀಯ ಮನ್ನಣೆ ಪಡೆದಿವೆ. ಇಂಗ್ಲೆಂಡಿನಲ್ಲಿ ಅಷ್ಟು ಗಾಢ ಕತ್ತಲು ಸಿಗುವುದು ಅಪರೂಪ. ಆಕಾಶಗಂಗೆ ನೋಡಬೇಕಾದರೆ ಅಲ್ಲಿಗೇ ಹೋಗಿ, ಬ್ಲ್ಯಾಕ್ ಫೆಲ್ ಮೇಲಿನ ವೀಕ್ಷಣಾಲಯದಲ್ಲಿ ಮೊದಲೇ ಬುಕ್ ಮಾಡಿ ದೂರದರ್ಶಕದಲ್ಲೂ ನೋಡಿ. ಆದರೆ ಅದು ಎತ್ತರದ ಮರಗಳ ಕಾಡು. ಕೆಳಗಿನ ಎಂಟು ಡಿಗ್ರಿಯನ್ನು ಮರಗಳೇ ನುಂಗಿಬಿಡುತ್ತವೆ. ನ್ಯೂಕಾಸಲ್‌ನಿಂದ ಒಂದೂವರೆ ಗಂಟೆಯ ದಾರಿ ಬೇರೆ. ಅಲರ್ಟ್ ಬಂದ ಮೇಲೆ ಹೊರಡುವವರಿಗೆ ಹ್ಯಾಡ್ರಿಯನ್ ಗೋಡೆಯ ಬಳಿಯ ಸ್ಟೀಲ್ ರಿಗ್ ಅಥವಾ ಕಾಫೀಲ್ಡ್ಸ್ ವಾಸಿ. ಉತ್ತರಕ್ಕೆ ಬಯಲು, ಅದರಾಚೆ ಕಾಡು. ಗೋಡೆಯ ಪಕ್ಕದಲ್ಲಿ ಬಂಡೆ ನೇರವಾಗಿ ಕೆಳಗಿಳಿಯುತ್ತದೆ, ಹಾಗಾಗಿ ಕಾರ್ ಪಾರ್ಕಿನಿಂದ ದೂರ ಹೋಗಬೇಡಿ.

ಲೇಕ್ ಡಿಸ್ಟ್ರಿಕ್ಟಿನ ಕಾಸಲ್‌ರಿಗ್ ಶಿಲಾವೃತ್ತದ ಫೋಟೋಗಳು ತುಂಬಾ ಪ್ರಸಿದ್ಧ. ಆದರೆ ಅದರ ಉತ್ತರಕ್ಕೆ ಸ್ಕಿಡಾ ಮತ್ತು ಬ್ಲೆಂಕ್ಯಾಥ್ರಾ ಬೆಟ್ಟಗಳು ಗೋಡೆಯಂತೆ ನಿಂತಿವೆ. ಕೆಂಪು ಅಲರ್ಟ್ ಇದ್ದ ರಾತ್ರಿ ಹೋಗಿ, ಅಂಬರ್‌ಗೆ ಬೇಡ. ಕಾರ್ಲೈಲ್ ಕಡೆಯವರು ಬೌನೆಸ್-ಆನ್-ಸೋಲ್ವೇಗೆ ಹೋದರೆ ಮುಂದೆ ಅಗಲವಾದ ಅಳಿವೆ, ಆಚೆ ಸ್ಕಾಟ್ಲೆಂಡ್. ಮರಳಿಗೆ ಇಳಿಯಬೇಡಿ, ಅಲ್ಲಿ ಉಬ್ಬರ ಬೇಗ ಏರುತ್ತದೆ.

ಲೀಡ್ಸ್, ಯಾರ್ಕ್ ಕಡೆಯವರಿಗೆ ವಿಟ್ಬಿಯ ಪಕ್ಕದ ಸ್ಯಾಂಡ್ಸೆಂಡ್. ಯಾರ್ಕ್‌ಷೈರಿನ ತೀರ ಅಲ್ಲಿ ಈಶಾನ್ಯಕ್ಕೆ ಮುಖ ಮಾಡಿದೆ, ಎದುರಿಗೆ ಬರೀ ಸಮುದ್ರ. ಮ್ಯಾಂಚೆಸ್ಟರಿನವರು ಡೇಲ್ಸ್‌ನ ರಿಬಲ್‌ಹೆಡ್ ವರೆಗಾದರೂ ಹೋಗಬೇಕು. ಯಾರ್ಕ್‌ಷೈರ್ ಡೇಲ್ಸ್, ನಾರ್ತ್ ಯಾರ್ಕ್ ಮೂರ್ಸ್ ಎರಡಕ್ಕೂ 2020ರ ಡಿಸೆಂಬರಿನಲ್ಲಿ ಕತ್ತಲ ಆಕಾಶದ ಮನ್ನಣೆ ಸಿಕ್ಕಿದೆ.

ಹೊರಡುವಾಗ

ಥರ್ಮಲ್, ಉಣ್ಣೆ ಟೋಪಿ, ಕೈಗವಸು, ದಪ್ಪ ಸಾಕ್ಸ್ ಒಂದು ಚೀಲದಲ್ಲಿ ಸದಾ ತಯಾರಿರಲಿ. ಸುಮ್ಮನೆ ನಿಂತಾಗ ಚಳಿ ಹೊಕ್ಕುವುದು ಪಾದದಿಂದ. ಫ್ಲಾಸ್ಕಿನಲ್ಲಿ ಬಿಸಿ ಕಾಫಿ ತುಂಬಿಸಿ, ಜೊತೆಗೆ ಚಕ್ಲಿಯೋ ಕೋಡುಬಳೆಯೋ ಇರಲಿ. ರಾತ್ರಿ ಅಲ್ಲಿ ಏನೂ ಸಿಗುವುದಿಲ್ಲ. ಕೆಂಪು ಬೆಳಕಿನ ಟಾರ್ಚ್ ಬೇಕು, ಇಲ್ಲದಿದ್ದರೆ ಇರುವ ಟಾರ್ಚಿಗೆ ಕೆಂಪು ಪ್ಲಾಸ್ಟಿಕ್ ಕಾಗದ ಕಟ್ಟಿ. ಮ್ಯಾಪನ್ನು ಫೋನಿಗೆ ಇಳಿಸಿಕೊಳ್ಳಿ, ಎಷ್ಟೋ ಕಡೆ ಸಿಗ್ನಲ್ ಇರುವುದಿಲ್ಲ. ಬೆಟ್ಟದ ರಸ್ತೆಗಳಲ್ಲಿ ಕುರಿಗಳು ರಾತ್ರಿ ರಸ್ತೆಯಲ್ಲೇ ಮಲಗಿರುತ್ತವೆ, ಜಿಂಕೆ ಅಡ್ಡ ಬರುತ್ತವೆ. ಆತುರ ಮನೆಯಲ್ಲಿ ಇರಲಿ, ರಸ್ತೆಯಲ್ಲಿ ಬೇಡ. ರೈತರ ಗೇಟಿನ ಮುಂದೆ ಕಾರು ನಿಲ್ಲಿಸಬೇಡಿ. ಜಾಗ ಮುಟ್ಟಿದ ಕೂಡಲೇ ಹೆಡ್‌ಲೈಟ್ ಆರಿಸಿ, ಅಲ್ಲಿ ಮೊದಲೇ ನಿಂತವರ ಕಣ್ಣು ಕತ್ತಲಿಗೆ ಒಗ್ಗಿರುತ್ತದೆ.

ಅಲ್ಲಿ ನಿಂತ ಮೇಲೆ

ಕಣ್ಣಿಗೆ 20 ನಿಮಿಷವಾದರೂ ಕೊಡಿ. ಅಷ್ಟರಲ್ಲಿ ಸಪ್ತರ್ಷಿ ಮಂಡಲ ಹುಡುಕಿ, ಅದರ ತುದಿಯ ಎರಡು ನಕ್ಷತ್ರಗಳ ಗೆರೆ ಹಿಡಿದು ಧ್ರುವ ನಕ್ಷತ್ರಕ್ಕೆ ಹೋಗಿ. ಇಲ್ಲಿ ಧ್ರುವ 55 ಡಿಗ್ರಿ ಎತ್ತರದಲ್ಲಿರುತ್ತದೆ, ಕರ್ನಾಟಕದಲ್ಲಿ ಕಾಣುವುದಕ್ಕಿಂತ ತುಂಬಾ ಮೇಲೆ. ಅಲ್ಲಿಂದ ನೇರ ಕೆಳಗೆ, ದಿಗಂತದ ಹತ್ತಿರ ನೋಡಿ.

ಮೊದಲು ಕಾಣುವುದು ಹಸಿರಲ್ಲ. ಸಮುದ್ರದ ಮೇಲೆ, ಎಡದಿಂದ ಬಲಕ್ಕೆ, ಸ್ವಲ್ಪ ಬಾಗಿದ ಒಂದು ಬೂದು ಪಟ್ಟಿ. ತೆಳು ಮೋಡ ಅಂತ ಯಾರಾದರೂ ಮುಖ ತಿರುಗಿಸಿಬಿಡಬಹುದು. ಅದರೊಳಗೆ ನಕ್ಷತ್ರ ಇದೆಯಾ ನೋಡಿ. ಮೋಡವಾದರೆ ನಕ್ಷತ್ರ ಮುಚ್ಚುತ್ತದೆ, ಅರೋರಾ ಆದರೆ ನಕ್ಷತ್ರ ಅದರ ಮೂಲಕವೇ ಹೊಳೆಯುತ್ತದೆ. ಈಗ ಫೋನಿನಲ್ಲಿ ಒಂದು ಫೋಟೋ ತೆಗೆಯಿರಿ. ಪರದೆಯ ಮೇಲೆ ಅದೇ ಪಟ್ಟಿ ಹಚ್ಚ ಹಸಿರಾಗಿ ಬಂದರೆ ಸಂಶಯ ಬೇಡ. ಮಂಕು ಬೆಳಕಿನಲ್ಲಿ ನಮ್ಮ ಕಣ್ಣಿಗೆ ಬಣ್ಣ ಗೊತ್ತಾಗುವುದಿಲ್ಲ, ಕ್ಯಾಮೆರಾ ಕೆಲವು ಸೆಕೆಂಡು ಬೆಳಕು ಕೂಡಿಸಿಕೊಳ್ಳುತ್ತದೆ. ಇದನ್ನು ಮನೆಯವರಿಗೆ ಮೊದಲೇ ಹೇಳಿ ಕರೆದುಕೊಂಡು ಹೋಗಿ. ಇನ್‌ಸ್ಟಾಗ್ರಾಂ ನೋಡಿ ಬಂದವರಿಗೆ ಬೂದು ಪಟ್ಟಿ ನಿರಾಸೆ ತರುತ್ತದೆ, ಏನು ನೋಡುತ್ತಿದ್ದೇವೆ ಅಂತ ತಿಳಿದವರಿಗೆ ಅದೇ ಪಟ್ಟಿ ರೋಮಾಂಚನ.

ಆ ಪಟ್ಟಿ ಗಂಟೆಗಟ್ಟಲೆ ಹಾಗೇ ಇರಬಹುದು. ಆಮೇಲೆ ಇದ್ದಕ್ಕಿದ್ದಂತೆ ಅದರ ಕೆಳ ಅಂಚು ಚುರುಕಾಗುತ್ತದೆ. ಲಂಬ ಕಂಬಗಳು ಏಳುತ್ತವೆ, ನಿಧಾನವಾಗಿ ಪಕ್ಕಕ್ಕೆ ಸರಿಯುತ್ತವೆ. ಈಗ ಬರಿಗಣ್ಣಿಗೂ ಹಸಿರಿನ ಛಾಯೆ, ಜೋರಿದ್ದರೆ ಮೇಲೆ ಗುಲಾಬಿ ಕೆಂಪು. ಹತ್ತಿಪ್ಪತ್ತು ನಿಮಿಷದಲ್ಲಿ ಮತ್ತೆ ಮಂಕಾಗುತ್ತದೆ. ಹೆಚ್ಚಿನವರು ಆಗ ಕಾರು ಹತ್ತುತ್ತಾರೆ. ನೀವು ಹತ್ತಬೇಡಿ. ಬಿಜ಼ೆಡ್ ಇನ್ನೂ ಕೆಳಗಿದ್ದರೆ ಒಂದೆರಡು ಗಂಟೆಯಲ್ಲಿ ಮತ್ತೆ ಏಳುವ ಸಾಧ್ಯತೆ ತುಂಬಾ ಇದೆ.

ಫೋಟೋಗೆ ಫೋನಿನ ನೈಟ್ ಮೋಡ್ ಸಾಕು, ಆದರೆ ಫೋನ್ ಅಲುಗಾಡಬಾರದು. ಸಣ್ಣ ಟ್ರೈಪಾಡ್ ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ಕಾರಿನ ಮೇಲೋ ಕಲ್ಲಿನ ಮೇಲೋ ಒರಗಿಸಿ ಟೈಮರ್ ಹಾಕಿ. ಫ್ಲ್ಯಾಶ್ ಆಫ್ ಮಾಡಿ. ಬೇರೆ ಕ್ಯಾಮೆರಾ ಇರುವವರು ಲೆನ್ಸನ್ನು ಪೂರ್ತಿ ತೆರೆದು, ಐಎಸ್‌ಒ 1600, ಆರೇಳು ಸೆಕೆಂಡಿನಿಂದ ಶುರು ಮಾಡಿ. ಫೋಕಸನ್ನು ಒಂದು ನಕ್ಷತ್ರದ ಮೇಲೆ ಕೈಯಿಂದ ಹೊಂದಿಸಿ. ಕಂಬಗಳು ಚಲಿಸುವಾಗ ಸಮಯ ಎರಡು ಮೂರು ಸೆಕೆಂಡಿಗೆ ಇಳಿಸಿ, ಇಲ್ಲದಿದ್ದರೆ ಎಲ್ಲ ಕಲಸಿಹೋಗುತ್ತದೆ. ಬೆರಳೆಣಿಕೆಯ ಫೋಟೋ ತೆಗೆದು ಫೋನ್ ಜೇಬಿಗೆ ಹಾಕಿಕೊಳ್ಳಿ. ಆ ಪರದೆಯ ಬೆಳಕಿಗೆ ಕಣ್ಣಿನ ಹೊಂದಾಣಿಕೆ ಹಾಳಾಗುತ್ತದೆ.

ಮನೆಗೆ ಬಂದ ಮೇಲೆ ಒಂದು ಕೆಲಸ ಉಳಿದಿದೆ. ಆ ರಾತ್ರಿಯ ಅರೋರಾಕ್ಕೆ ಕಾರಣ ಏನು ಅಂತ ಮೆಟ್ ಆಫೀಸ್ ಪುಟದಲ್ಲಿ ನೋಡಿ. ಸೂರ್ಯನ ಸ್ಫೋಟವಾಗಿದ್ದರೆ ಅದು ಮುಗಿದ ಕಥೆ. ಸೂರ್ಯನ ಹೊರ ವಾತಾವರಣವಾದ ಕೊರೋನಾದಲ್ಲಿನ ರಂಧ್ರದಿಂದ ಬಂದ ವೇಗದ ಮಾರುತವಾಗಿದ್ದರೆ ಕ್ಯಾಲೆಂಡರಿನಲ್ಲಿ 27 ದಿನ ಎಣಿಸಿ ಗುರುತು ಹಾಕಿ. ಸೂರ್ಯ ಒಂದು ಸುತ್ತು ತಿರುಗಿ ಬಂದಾಗ ಅದೇ ರಂಧ್ರ ಮತ್ತೆ ನಮ್ಮ ಕಡೆ ಮುಖ ಮಾಡುವ ಸಾಧ್ಯತೆ ಇದೆ. ಆ ದಿನದ ಆಚೀಚೆಯ ಎರಡು ರಾತ್ರಿಗಳನ್ನು ಖಾಲಿ ಇಟ್ಟುಕೊಳ್ಳಿ.